ಮಲ್ಟಿಮೀಟರ್ ರಾಯರು

ಅಮೆರಿಕದ ಕ್ಯಾಂಪ್‌ಗ್ರೌಂಡಿನಲ್ಲಿ ಯಾರಾದರೂ ತಮ್ಮ ಟ್ರೇಲರಿನ ಮುಂದೆ ಮಂಡಿಯೂರಿ ಕೂತರೆ ಸಾಕು, ರಾಯರು ಪ್ರತ್ಯಕ್ಷ. ಹಣೆಗೆ ಹೆಡ್‌ಲ್ಯಾಂಪು (ಮಟಮಟ ಮಧ್ಯಾಹ್ನದಲ್ಲೂ), ಸೊಂಟಕ್ಕೆ ಹಳದಿ ಮಲ್ಟಿಮೀಟರು. ಡಲ್ಲಾಸಿನ ಸಾಫ್ಟ್‌ವೇರ್ ಕೆಲಸದಿಂದ ನಿವೃತ್ತರಾದ ಮೇಲೆ ಟ್ರಾವೆಲ್ ಟ್ರೇಲರ್ ಕೊಂಡರು. ಹೆಂಡತಿ ಊರು ಸುತ್ತಲೆಂದು, ಇವರು ರಿಪೇರಿಗೆಂದು.

"ಏನ್ರೀ, ಬ್ಯಾಟರಿ ಡಿಸ್‌ಕನೆಕ್ಟಾ?" ಕೇಳುವಾಗಲೇ ಮುಖ ಅರಳಿರುತ್ತದೆ. ಉತ್ತರಕ್ಕೆ ಮೊದಲೇ ಉಪನ್ಯಾಸ ಶುರು. ಟ್ರೇಲರು ಮನೆ ಮುಂದೆ ಸುಮ್ಮನೆ ನಿಂತಿದ್ದರೂ ಗ್ಯಾಸ್ ಡಿಟೆಕ್ಟರು, ರೇಡಿಯೋ ಎಲ್ಲ ಚೂರುಚೂರೇ ಕರೆಂಟು ಹೀರಿ ಕೆಲವೇ ವಾರಗಳಲ್ಲಿ ಬ್ಯಾಟರಿ ಮಲಗಿಸುತ್ತವೆ. ಅದಕ್ಕೇ ಬ್ಯಾಟರಿ ಬೇರೆ ಮಾಡುವ ಈ ಡಿಸ್‌ಕನೆಕ್ಟ್ ಸ್ವಿಚ್ಚು. ಆದರೆ ಎಮರ್ಜೆನ್ಸಿ ಬ್ರೇಕಿನ ವೈರು ಮಾತ್ರ ಸ್ವಿಚ್ಚು ತಪ್ಪಿಸಿ ನೇರ ಬ್ಯಾಟರಿಗೇ ಹೋಗಬೇಕು. ಇದರಲ್ಲಿ ರಾಯರು ನೂರಕ್ಕೆ ನೂರು ಸರಿ. ತೊಂದರೆ ಶುರುವಾಗುವುದು ಉಪನ್ಯಾಸ ಮುಗಿದು ಕೈ ಹಾಕಿದಾಗ.

ಮೊನ್ನೆ ಹಾಸನದ ಕಡೆಯ ಹುಡುಗನೊಬ್ಬ ಸಿಕ್ಕಿದ. ಅವನ ಟ್ರೇಲರಿನಲ್ಲಿ ಆ ಸ್ವಿಚ್ ಆಫ್ ಮಾಡಿದರೂ ದೀಪ ಆರುತ್ತಿರಲಿಲ್ಲ. ರಾಯರು ಬ್ಯಾಟರಿಗೆ ಮೀಟರ್ ಹಿಡಿದರು: 12.6 ವೋಲ್ಟ್. ಚಾರ್ಜ್ ಆಗುತ್ತಿದ್ದರೆ 13 ದಾಟಬೇಕಿತ್ತು; ಅಂದರೆ ಸ್ವಿಚ್ಚು ಬ್ಯಾಟರಿಯನ್ನು ಸರಿಯಾಗಿಯೇ ಬೇರೆ ಮಾಡಿತ್ತು. ಪಾಪ, ಮೀಟರು ಬಾಯಿಬಿಟ್ಟು ಹೇಳಿತು. ಆದರೆ ರಾಯರು ಮೀಟರು ಇಟ್ಟುಕೊಂಡಿರುವುದು ನಾಲ್ಕು ಜನರಿಗೆ ತೋರಿಸಲಿಕ್ಕೆ, ಅದರ ಮಾತು ಕೇಳಲಿಕ್ಕಲ್ಲ.

"ಸ್ವಿಚ್ಚಿನ ರಿಲೇ ಕಚ್ಕೊಂಡಿದೆ ಕಣಪ್ಪಾ!"

ನಾಲ್ಕು ಸ್ಕ್ರೂ ಬಿಚ್ಚಿದರು. ಒಂದು ಹುಲ್ಲಿಗೆ ಬಿತ್ತು. ಹುಡುಗ, ಅವನ ಹೆಂಡತಿ, ಪಕ್ಕದ ಟ್ರೇಲರಿನ ಬಿಳಿಗಡ್ಡದ ಅಜ್ಜ, ಎಲ್ಲರೂ ಅಂಗೈ ಊರಿ ಹುಡುಕಿದರು. ರಾಯರು ರಿಲೇಗೆ ಕಿವಿಗೊಟ್ಟು, ಆಡುತ್ತಿದ್ದ ಮಕ್ಕಳನ್ನು ಗದರಿ ಸುಮ್ಮನಾಗಿಸಿ, ಗುಂಡಿ ಒತ್ತಿಸಿದರು. 'ಟಕ್' ಅಂದಿತು. ಇನ್ನೊಮ್ಮೆ ಒತ್ತಿಸಿದರು, ಟಕ್. ದೀಪ ಜಪ್ಪಯ್ಯ ಅನ್ನಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇ ತಲೆಗೆ ಮೆಲ್ಲಗೆ ಮೊಟಕಿ, "ರಾತ್ರಿಯೆಲ್ಲಾ ಹಾಗೇ ಬಿಡು" ಎಂದು ಎದ್ದರು.

ಅಷ್ಟು ಹೊತ್ತೂ ಟ್ರೇಲರಿನ ದಪ್ಪ ವೈರು ಕ್ಯಾಂಪ್‌ಗ್ರೌಂಡಿನ 30 ಆಂಪ್ ಸಾಕೆಟ್ಟಿನಲ್ಲೇ ಇತ್ತು. ಅಲ್ಲಿಂದ ಬಂದ 120 ವೋಲ್ಟನ್ನು ಒಳಗಿನ ಕನ್ವರ್ಟರು 12 ಮಾಡಿ ದೀಪಕ್ಕೆ ಉಣಿಸುತ್ತಿತ್ತು. ಬ್ಯಾಟರಿ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಬೆಳಿಗ್ಗೆ ಹೊರಡಲು ಹುಡುಗ ವೈರು ಕಿತ್ತ. ದೀಪ ಆರಿತು. ರಾಯರು ಕಾಫಿ ಲೋಟದ ಸಮೇತ ಓಡಿಬಂದರು.

"ನೋಡಿದ್ಯಾ, ಬಿಟ್ಕೊಂಡಿತು! ನಿನ್ನೆ ಮೊಟಕಿದ್ದು ಈಗ ಕೆಲಸ ಮಾಡಿದೆ." ಮಾರ್ಕರಿನಲ್ಲಿ ರಿಲೇ ಮೇಲೆ ಒಂದು ಗುರುತು ಹಾಕಿಕೊಟ್ಟರು. "ಮುಂದಿನ ಸಲ ಇಲ್ಲೇ ಹೊಡಿ. ಆ ಕಡೆ ಬೇಡ, ಹಾಳಾಗತ್ತೆ."