ಪಹಣಿ ಸತ್ಯ, ಮೆಕ್ಕೆಜೋಳ ಮಿಥ್ಯೆ

ಶಿವಮೊಗ್ಗದ ಕೆಳಗೆ ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡುತ್ತವೆ. ಅಲ್ಲಿನ ಮಠಗಳು ಮಾತ್ರ ಕೂಡಿಲ್ಲ. ಒಂದು ಶಂಕರರ ಪರಂಪರೆಯದು, ಇನ್ನೊಂದು ಮಧ್ವರ ಶಿಷ್ಯ ಅಕ್ಷೋಭ್ಯತೀರ್ಥರದು. ಕಣ್ಣಿಗೆ ಕಾಣುವ ಜಗತ್ತು ಕಡೆತನಕ ನಿಲ್ಲುವಂಥದ್ದಲ್ಲ ಎಂದು ಒಬ್ಬರು, ಅಪ್ಪಟ ನಿಜ ಎಂದು ಇನ್ನೊಬ್ಬರು. ಶತಮಾನಗಳಾದರೂ ಮುಗಿಯದ ಈ ವಾದ, ಹೊಳೆ ಸಾಸ್ವೆಹಳ್ಳಿ ಸೀಮೆಗೆ ಇಳಿಯುವಷ್ಟರಲ್ಲಿ ಮುಗಿದಿದೆ. ಮುಗಿಸಿದ್ದು ಸರ್ಕಾರಿ ಕಚೇರಿ.

"ಸಾರ್, ಮೆಕ್ಕೆಜೋಳ ಎಲ್ಲಾ ಮಳೆಗೆ ಮಲಗೈತಿ. ವಿಮೆ ದುಡ್ಡು..."

"ಪಹಣೀಲಿ ಪಾಳು ಅಂತ ಐತಲ್ಲ ಯಜಮಾನ್ರೇ. ಇಲ್ದಿರೋ ಬೆಳೆ ಹೆಂಗೆ ಮಲಗುತ್ತೆ?"

"ಬಂದು ನೋಡ್ರಲ್ಲ."

"ನಾನು ನೋಡಿದ್ರೆ ಆಗಲ್ಲ, ಆ್ಯಪ್ ನೋಡಿರ್ಬೇಕಿತ್ತು."

ಸಾಸ್ವೆಹಳ್ಳಿಯೊಂದರಲ್ಲೇ ಅಲ್ಲ, ಜಗಳೂರಿಗೆ ಹೋಗಿ, ಚನ್ನಗಿರಿಗೆ ಹೋಗಿ, ಇದೇ ದರ್ಶನ. ಅದ್ವೈತದ ಮೂರು ಸತ್ತೆಗಳನ್ನು ಇಲ್ಲಿ ಕಡತದಂತೆ ವಿಂಗಡಿಸಿ ಇಟ್ಟಿದ್ದಾರೆ. ಎಂದೂ ಬದಲಾಗದ ಪಾರಮಾರ್ಥಿಕ ಸತ್ಯ ಪಹಣಿ. ಬೆಳೆ ಸಮೀಕ್ಷೆಯ ಫೋಟೊ ವ್ಯಾವಹಾರಿಕ. ಹೊಲದಲ್ಲಿ ಬೇರು ಬಿಟ್ಟು ನಿಂತ ಮೆಕ್ಕೆಜೋಳ ಪ್ರಾತಿಭಾಸಿಕ, ಅಂದರೆ ಹಗ್ಗದಲ್ಲಿ ಕಂಡ ಹಾವು. ಕಾಡುಹಂದಿಗಳಿಗೆ ಪಹಣಿ ಓದಲು ಬಾರದು, ಪಾಪ; ಇಲ್ಲದ ಬೆಳೆಯನ್ನು ರಾತ್ರಿಯೆಲ್ಲ ತಿಂದು ಹೋಗುತ್ತವೆ.

ಐರ್ಲೆಂಡಿನ ಜಾರ್ಜ್ ಬರ್ಕ್ಲಿ 1710ರಲ್ಲೇ ಇದನ್ನು ಪುಸ್ತಕವಾಗಿ ಬರೆದಿದ್ದ. ಗ್ರಹಿಸುವವರಿಲ್ಲದೆ ವಸ್ತುವಿಗೆ ಇರವಿಲ್ಲ. ಯಾರೂ ನೋಡದಾಗ ಮರದ ಗತಿ? ದೇವರು ನೋಡುತ್ತಿರುತ್ತಾನೆ. ಪುಣ್ಯಕ್ಕೆ ಅವನ ದೇವರು ಕಣ್ಣು ಮುಚ್ಚುತ್ತಿರಲಿಲ್ಲ. ನಮ್ಮಲ್ಲಿ ಆ ಪೀಠಕ್ಕೆ ಸರ್ವರ್ ಬಂದಿದೆ, ಅದು ಕೂತರೆ ಇಡೀ ಹೋಬಳಿಗೆ ಪ್ರಳಯ. 1763ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡ ಕಲ್ಲೊಂದನ್ನು ಒದ್ದು ಬರ್ಕ್ಲಿಯನ್ನು ಖಂಡಿಸಿದನಂತೆ. ನಮ್ಮ ರೈತ ಕಚೇರಿಯ ಮೇಜಿಗೆ ಒದ್ದರೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ಕೇಸು.

ಇದರಲ್ಲಿ ಶಂಕರರ ಹೆಸರು ಕೆಡಿಸುವುದು ಬೇಡ. ಹೊರಗೆ ವಸ್ತುವೇ ಇಲ್ಲ, ಎಲ್ಲ ಅರಿವಿನ ಆಟ ಎಂದ ಬೌದ್ಧ ವಿಜ್ಞಾನವಾದಿಗಳನ್ನು ಬ್ರಹ್ಮಸೂತ್ರ ಭಾಷ್ಯದಲ್ಲಿ ಅವರೇ ತರಾಟೆಗೆ ತೆಗೆದುಕೊಂಡಿದ್ದಾರೆ: ಉಣ್ಣುತ್ತ, ಹೊಟ್ಟೆ ತುಂಬಿದ್ದು ತನಗೇ ಗೊತ್ತಾಗುತ್ತಿರುವಾಗಲೂ 'ನಾನು ಉಣ್ಣುತ್ತಿಲ್ಲ' ಎನ್ನುವವನ ಮಾತಿಗೆ ಏನು ಬೆಲೆ? ನಮ್ಮ ಕಚೇರಿಗಳನ್ನು ಇಷ್ಟು ಮುಂಚೆಯೇ ಕಂಡ ಭಾಷ್ಯಕಾರರು ಬೇರೊಬ್ಬರಿಲ್ಲ.

ಪರಿಹಾರದ ಹೊತ್ತಿಗೆ ಮಿಥ್ಯೆಯಾದ ಈ ಜಗತ್ತು, ಸಾಲ ವಸೂಲಿಯ ಹೊತ್ತಿಗೆ ಮಧ್ವರ ಕಡೆ ವಾಲುತ್ತದೆ. ಅಸಲು ಸತ್ಯ, ಬಡ್ಡಿ ಸತ್ಯ. ಸಾಲಗಾರ ಬೇರೆ, ಜಾಮೀನುದಾರ ಬೇರೆ. ಇಬ್ಬರಿಗೂ ಒಂದೊಂದು ನೋಟಿಸು. ಸರ್ವೆ ನಂಬರ್, ಎಕರೆ, ಗುಂಟೆ, ಒಂದೂ ತಪ್ಪಿರುವುದಿಲ್ಲ. ಯಾವ ಬೆಳೆಗೆ ಪಡೆದ ಸಾಲ ಎಂಬ ಕಡೆಯಲ್ಲಿ, ದಪ್ಪಕ್ಷರದಲ್ಲಿ: ಮೆಕ್ಕೆಜೋಳ.