ಕರಿ-ಬಿಳಿ ಲೈಸನ್ಸು

ಬಂದೂಕು ಇಟ್ಟುಕೊಳ್ಳಲು ಲೈಸನ್ಸು ಬೇಕು, ಸೆರೆ ಮಾರಲು ಬೇಕು, ಟ್ರ್ಯಾಕ್ಟರ್ ಹೊಡೆಯಲೂ ಬೇಕು. (ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಅದನ್ನು ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.) ಆದರೆ ಸ್ವಂತ ಮನೆಯಲ್ಲಿ, ಸ್ವಂತ ಟಿವಿಯ ಮುಂದೆ, ಚುರುಮುರಿ ತಿನ್ನುತ್ತ ಕೂಡುವುದಕ್ಕೂ ಲೈಸನ್ಸು ತೆಗೆಸಬೇಕೆಂದರೆ ನಮ್ಮ ಬೀಳಗಿಯವರು ನಂಬುವುದು ಕಷ್ಟ. ಇಂಗ್ಲೆಂಡಿನಲ್ಲಿ ತೆಗೆಸಬೇಕು. 2025ರ ಏಪ್ರಿಲ್‌ನಿಂದ ಬಣ್ಣದ ಟಿವಿಗೆ ವರ್ಷಕ್ಕೆ 174.50 ಪೌಂಡ್ ಇತ್ತು. ಇದಕ್ಕಿಂತ ಸೋಜಿಗದ ಸಂಗತಿಯೆಂದರೆ, ಕರಿ-ಬಿಳಿ ಟಿವಿಗೆ ಇಲ್ಲಿ ಇವತ್ತಿಗೂ ಬೇರೆಯೇ ಲೈಸನ್ಸುಂಟು. ಅದಕ್ಕೆ ಆಗ 58.50 ಪೌಂಡ್ ಇತ್ತು.

ಮಿಲ್ಟನ್ ಕೀನ್ಸ್‌ನ ನಮ್ಮ ಮನೆಗೆ ಬಂದ ಹೊಸದರಲ್ಲೇ ಅಪ್ಪನಿಗೆ ಈ ಸುದ್ದಿ ಹತ್ತಿತು. ಯಾರ ಹೆಸರಿಗೆ ಬಂದ ಲಕೋಟೆಯಾದರೂ ಒಡೆದು ಓದುವುದು ನಿವೃತ್ತ ಸಾಲಿ ಮಾಸ್ತರರ ಹಕ್ಕೆಂದು ಅವರ ನಂಬಿಕೆ. ಓದಿದರು, ಕನ್ನಡಕ ತೆಗೆದರು, ಕೂಡಿ ಕಳೆದರು.

"ತಮ್ಮಾ, ನಾವು ನೋಡೂದರ ಏನು? ಬೇಡರ ಕಣ್ಣಪ್ಪ, ಕಿತ್ತೂರು ಚೆನ್ನಮ್ಮ, ಸಂತ ತುಕಾರಾಮ. ಒಂದರಾಗರ ಬಣ್ಣ ಐತೇನು? ಕರಿ-ಬಿಳಿ ಲೈಸನ್ಸ್ ತಗೊ. ಬರೋಬ್ಬರಿ ನೂರಾ ಹದಿನಾರು ಪೌಂಡ್ ಉಳೀತಾವ."

ಲೈಸನ್ಸು ಪಿಚ್ಚರಿನ ಬಣ್ಣಕ್ಕಲ್ಲ, ಟಿವಿಯ ಬಣ್ಣಕ್ಕೆ ಎಂದು ತಿಳಿಸಿ ಹೇಳಿದೆ. ಯೂಟ್ಯೂಬಿನಲ್ಲಿ ಹಳೆ ಪಿಚ್ಚರ್ ಹಾಕಿಕೊಂಡರೆ ಲೈಸನ್ಸೇ ಬೇಕಾಗಿಲ್ಲ, ಆ ಹೊತ್ತಿಗೆ ಚಾನೆಲ್ಲಿನಲ್ಲಿ ಬರುತ್ತಿರುವುದನ್ನು ನೋಡಿದರೆ ಅಥವಾ ಬಿಬಿಸಿಯ ಐಪ್ಲೇಯರ್ ಹಚ್ಚಿದರೆ ಮಾತ್ರ ಬೇಕು ಎಂದೂ ಸೇರಿಸಿದೆ. ಅಪ್ಪನ ಮುಖ ಅರಳಿತು.

"ಅಂದ್ರ ಹಳೇದ ನೋಡಿದ್ರ ಪುಕ್ಕಟ, ಹೊಸಾದ ನೋಡಿದ್ರ ದಂಡ. ಈ ದೇಶಕ್ಕ ಬುದ್ಧಿ ಐತಿ."

ಅಡಿಗೆಮನೆಯಿಂದ ಅವ್ವನ ತೀರ್ಪು ಬಂತು: "ಏನೂ ಬ್ಯಾಡ್ರಿ. ಬಣ್ಣದ್ದ ಇರಲಿ. ನನಗ ಎಲ್ಲಾ ಬಣ್ಣ ಕಾಣ್ತಾವ."

ಅದು ಸುಳ್ಳಲ್ಲ. ಅವ್ವ ಬನಹಟ್ಟಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು. 1950ರ ದಶಕದ ಪಿಚ್ಚರಾದರೂ ಸರಿ, ನಾಯಕಿ ತೆರೆಯ ಮೇಲೆ ಕಾಲಿಟ್ಟ ಕೂಡಲೇ, "ಗಿಣಿ ಹಸರು, ದಡಿ ಕೆಂಪು, ನೂಲು ಸಾದಾ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾಳೆ. ತಪ್ಪೆಂದು ಸಾಧಿಸುವ ದಾರಿ ಯಾರಿಗೂ ಇಲ್ಲ. ಕಥೆ ಯಾವ ತಿರುವು ತೆಗೆದುಕೊಂಡರೂ ಅವಳ ಕಣ್ಣು ಸೆರಗಿನ ಮೇಲೇ. 1961ರ ಕಿತ್ತೂರು ಚೆನ್ನಮ್ಮದಲ್ಲಿ ಬಿ. ಸರೋಜಾದೇವಿ ಬ್ರಿಟಿಷರೆದುರು ಕಣ್ಣು ಕೆಂಪು ಮಾಡಿ ನಿಂತಿದ್ದರೆ ಅವ್ವನ ತಕರಾರು ಬೇರೆಯದು: "ಸೆರಗು ಟೋಪತೆನಿ ಅಲ್ಲ ನೋಡು. ಕಿತ್ತೂರ ರಾಣಿ ಮನ್ಯಾಗ ಒಂದರ ಇಳಕಲ್ ಸೀರಿ ಇರದ ಇರ್ತಿತ್ತೇನು?" ಮುಧೋಳದವಳಾದ ನನ್ನ ಹೆಂಡತಿಯದು ಇನ್ನೊಂದು ತಕರಾರು: "ಅತ್ತಿ, ಸೀರಿ ಬಿಡ್ರಿ. ಕಿತ್ತೂರ ರಾಣಿ ಮೈಸೂರ ಭಾಷಾದಾಗ ಬೈದ್ರ ಬ್ರಿಟಿಷರಿಗೆ ಹ್ಯಾಂಗ ಹತ್ತಬೇಕು?" ಮದರಾಸಿನಲ್ಲಿ ಕೂತು ಪಿಚ್ಚರ್ ತೆಗೆದವರಿಗೆ ಈ ಇಬ್ಬರು ಮುಂದೊಂದು ದಿನ ಇಂಗ್ಲೆಂಡಿನಲ್ಲಿ ಕೂತು ಲೆಕ್ಕ ಕೇಳುತ್ತಾರೆಂದು ಹೇಗೆ ಗೊತ್ತಾಗಬೇಕು?

ಹಳೆ ಪಿಚ್ಚರನ್ನು ಕಣ್ಣು ಮಿಟುಕಿಸದೆ, ಸದ್ದಿಲ್ಲದೆ ನೋಡುವವರು ಜಗತ್ತಿನಲ್ಲಿ ಇದ್ದಾರೆಂದು ಕೇಳಿದ್ದೇನೆ. ಅವರಿಗೆ ಫಿಲ್ಮ್ ಸೊಸೈಟಿಗಳೂ ಇವೆಯಂತೆ. ನಮ್ಮವರು ಪಿಚ್ಚರನ್ನು ನೋಡುವುದಿಲ್ಲ, ಅದರ ಅಧ್ಯಕ್ಷತೆ ವಹಿಸುತ್ತಾರೆ. ಮಾತು ತೆರೆಯ ಮೇಲಿನವರದು ಕಡಿಮೆ, ಸೋಫಾದ ಮೇಲಿನವರದು ಹೆಚ್ಚು. ಅದನ್ನು ಮೀರಿಸಲು ಟಿವಿಯ ದನಿ ಏರಿಸಬೇಕು, ಟಿವಿಯನ್ನು ಮೀರಿಸಲು ಸೋಫಾದವರು ದನಿ ಏರಿಸಬೇಕು. ಇದಕ್ಕೆ ಬನಹಟ್ಟಿಯ ಕೊಡುಗೆ ದೊಡ್ಡದು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದಾಡಿದವರಿಗೆ ಗೊತ್ತು, ಸಾಲುಸಾಲು ಮನೆಗಳಿಂದ ಪಾವರ್‌ಲೂಮಿನ ಖಟಪಟ ಬೀದಿಗೆ ಸುರಿಯುತ್ತಿರುತ್ತದೆ. ಆ ಸದ್ದಿನ ಮೇಲೆ ಸೊಸೆಗೆ ಕೇಳುವಂತೆ "ಚಹಾ ಇಡ" ಎಂದು ಕೂಗಿ ಕಲಿತ ಗಂಟಲಿಗೆ ಮಿಲ್ಟನ್ ಕೀನ್ಸ್‌ನ ಮೌನ ರೋಗದ ಲಕ್ಷಣವಾಗಿ ಕಾಣುತ್ತದೆ. ರಿಮೋಟ್ ಅವ್ವನ ಕೈಗೆ ಹೋದರೆ ವಾಲ್ಯೂಮು ಮೊದಲು ಬನಹಟ್ಟಿಗೆ ತಲುಪಿ, ಆಮೇಲೆ ಪಿಚ್ಚರ್ ಶುರು.

ಅಪ್ಪ ಮಾತ್ರ ಸೀರೆಗಾಗಲಿ ಸದ್ದಿಗಾಗಲಿ ತಲೆ ಕೆಡಿಸಿಕೊಂಡವರಲ್ಲ. ಅವರದು ಭೂಪಟದ ಕೆಲಸ. ಭಾರತದ ಸಿನಿಮಾ ಎಂಬುದು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಜೂಬಾಜೂ ಹುಟ್ಟಿ, ಆಮೇಲೆ ಮುಂಬಯಿ, ಮದರಾಸು, ಬೆಂಗಳೂರಿಗೆ ಹೋಯಿತೆಂಬುದು ಅವರ ಸಿದ್ಧಾಂತ. ಪುರಾವೆಗಳು ಸಾಲಾಗಿ ಸಿದ್ಧ. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನಾ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು, ನಿಜ. ತೆಗೆದದ್ದು ಎಲ್ಲಿ? ಕೊಲ್ಹಾಪುರದ ಸ್ಟುಡಿಯೋದಲ್ಲಿ. ಜಮಖಂಡಿಗೆ ಯಾವುದು ಹತ್ತಿರ, ಬೆಂಗಳೂರೋ ಕೊಲ್ಹಾಪುರವೋ? "ಮಾಡಿದವರು ನಮ್ಮ ಕಡೆ, ಬೆಂಗಳೂರವ್ರು ಟಿಕೀಟ್ ತಗೊಂಡು ನೋಡ್ಯಾರ, ಅಷ್ಟ." ಆ ಚಿತ್ರದ ಪ್ರತಿಯೊಂದೂ ಉಳಿದಿಲ್ಲವಾದ್ದರಿಂದ ಅದನ್ನು ಹಾಕು ಎಂದು ಅಪ್ಪ ನನ್ನನ್ನು ಪೀಡಿಸುವಂತಿಲ್ಲ. ಮುಂದಿನದು 1974ರ ಸಂಪತ್ತಿಗೆ ಸವಾಲ್. ರಾಜಕುಮಾರ್ ಎಮ್ಮೆಯ ಮೇಲೆ ಕೂತು ಸ್ವಂತ ದನಿಯಲ್ಲಿ ಹಾಡಿದ್ದನ್ನು ಕರ್ನಾಟಕವೆಲ್ಲ ಕೊಂಡಾಡಿತು. ಆದರೆ ಅದು ಮೊದಲು ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ನಾಟಕ. ನಮ್ಮ ಜಾತ್ರೆಗಳ ಕಂಪನಿ ನಾಟಕದ ತಂಬುಗಳಲ್ಲಿ ಅದನ್ನು ಕಂಡವರಿಗೆ ಪಿಚ್ಚರು ಎರಡನೇ ಪ್ರದರ್ಶನವಷ್ಟೇ. "ಎಮ್ಮಿ ಸೈತ ನಮ್ಮ ಕಡೇದ ಇರಬೇಕು" ಎಂದು ಅಪ್ಪ ಒಮ್ಮೆ ಅಂದದ್ದುಂಟು, ಅದಕ್ಕೆ ಪುರಾವೆ ಕೊಡಲಿಲ್ಲ.

ಈ ಸಭೆಯಲ್ಲಿ ಜಮಖಂಡಿಯ ಪ್ರತಿನಿಧಿ ನಾನು. ಅಪ್ಪನ ನೌಕರಿಯ ಕಾರಣಕ್ಕೆ ನಾನು ಬೆಳೆದದ್ದು ಅಲ್ಲಿ. ಸಿನಿಮಾದ ಲೆಕ್ಕದಲ್ಲಿ ನನ್ನ ಕಿಸೆ ಸ್ವಲ್ಪ ಖಾಲಿ. ಅದಕ್ಕೇ ಪಿಚ್ಚರಿಗಿಂತ ಮೊದಲು ತೋರಿಸುತ್ತಿದ್ದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರವನ್ನೇ ನಾನು ಹಿಡಿದುಕೊಂಡಿದ್ದೇನೆ. 1977ರಲ್ಲಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ ಹಂಗಾಮಿ ರಾಷ್ಟ್ರಪತಿ ಯಾರು? ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ. ಮುಖ್ಯ ಪಿಚ್ಚರ್ ಯಾರದ್ದೇ ಇರಲಿ, ಅದಕ್ಕಿಂತ ಮೊದಲು ನಮ್ಮವರು ತೆರೆಗೆ ಬಂದಿದ್ದರು. ಹೆಂಡತಿ ಇದನ್ನು ಒಪ್ಪುವುದಿಲ್ಲ. ಅವಳ ಕೈಯಲ್ಲಿ ರನ್ನ ಇದ್ದಾನೆ. ಬಿ.ಆರ್. ಚೋಪ್ರಾ ಮಹಾಭಾರತವನ್ನು ದೂರದರ್ಶನಕ್ಕೆ ತಂದದ್ದು 1988ರಲ್ಲಿ, ಮುಧೋಳದ ರನ್ನ ಗದಾಯುದ್ಧ ಬರೆದದ್ದು ಅದಕ್ಕಿಂತ ಸಾವಿರ ವರ್ಷ ಹಿಂದೆ. ಕವಿ ಮುಗಿದರೆ ನಾಯಿ. ಮುಧೋಳದ ಘೋರ್ಪಡೆ ದೊರೆ ಐದನೆಯ ಜಾರ್ಜ್ ಅರಸನಿಗೆ ಮುಧೋಳ ನಾಯಿಗಳನ್ನು ಕಾಣಿಕೆ ಕೊಟ್ಟ ಕಥೆ ಇಲ್ಲಿ ಟಿವಿಯಲ್ಲಿ ಯಾವ ನಾಯಿ ಕಾಣಿಸಿದರೂ ಹೊರಗೆ ಬರುತ್ತದೆ. "ನಿಮಗಿಂತ ಮೊದಲ ನಮ್ಮೂರ ನಾಯಿ ಇಂಗ್ಲೆಂಡಿಗೆ ಬಂದಾವ, ಅದೂ ಅರಮನಿಗೆ" ಎಂಬ ಮಾತಿಗೆ ವೀಸಾ ಕಚೇರಿಯ ಸಾಲಿನಲ್ಲಿ ನಿಂತು ಬಂದ ನನ್ನ ಬಳಿ ಉತ್ತರವಿಲ್ಲ.

ಆದರೆ ಅಪ್ಪನ ಊರಾದ ಬೀಳಗಿಯ ತುರುಪು ಎಲೆ ಬಿದ್ದ ಮೇಲೆ ಎಲ್ಲರೂ ಬಾಯಿ ಮುಚ್ಚಬೇಕಾಗುತ್ತದೆ. ಅದು ಅಮೀರ್‌ಬಾಯಿ ಕರ್ನಾಟಕಿ. ಲತಾ ಮಂಗೇಶ್ಕರ್ ಯುಗ ಶುರುವಾಗುವ ಮೊದಲು ಹಿಂದಿ ಸಿನಿಮಾವನ್ನು ಹಾಡಿನಿಂದ ತುಂಬಿದವರಲ್ಲಿ ಬೀಳಗಿಯ ಈ ಹೆಣ್ಣುಮಗಳು ಒಬ್ಬಳು. ಅಕ್ಕತಂಗಿಯರಿಬ್ಬರೂ ನಾಟಕದ ಮನೆತನದವರು. ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಗೆ ಸಂದಳು, ಅಮೀರ್‌ಬಾಯಿ ಮುಂಬಯಿಯ ಸಿನಿಮಾಕ್ಕೆ. ವಿಜಾಪುರದಲ್ಲಿ ಅವಳ ಹೆಸರಿನ ಅಮೀರ್ ಟಾಕೀಜು ಇದೆ. ರಹಮತ್ ತರೀಕೆರೆಯವರು ಅವಳ ಬಗ್ಗೆ ಪುಸ್ತಕ ಬರೆಯುವವರೆಗೆ ನಮ್ಮವರೇ ಎಷ್ಟೋ ಜನ ಆ ಹೆಸರಿನ ಹಿಂದಿನ 'ಕರ್ನಾಟಕಿ' ಯಾಕೆಂದು ಯೋಚಿಸಿರಲಿಲ್ಲ. ಅಪ್ಪ ಯೋಚಿಸಿದ್ದರು. ಅವರ ಪ್ರಕಾರ 'ಬೀಳಗಿಕರ್' ಎಂದು ಇಟ್ಟುಕೊಂಡಿದ್ದರೆ ಇಷ್ಟು ತಂಟೆಯೇ ಇರುತ್ತಿರಲಿಲ್ಲ.

ಹೀಗಾಗಿ ಒಂದು ಶನಿವಾರ ಸಂಜೆ 1943ರ ಕಿಸ್ಮತ್ ಹಾಕಿದೆವು. ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿದ ಪಿಚ್ಚರು. ಅದರಲ್ಲಿ ರಂಗದ ಮೇಲೆ ನಡೆಯುವ ಒಂದು ದೇಶಭಕ್ತಿಯ ಹಾಡಿದೆ, ಕವಿ ಪ್ರದೀಪ್ ಬರೆದದ್ದು, ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ್ದು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ. ಪರದೇಶದವರೆಲ್ಲ ಜಾಗ ಖಾಲಿ ಮಾಡಿರೆಂಬುದು ಹಾಡಿನ ಒಟ್ಟು ಸಾರ. ಅದು ಬ್ರಿಟಿಷರ ಸೆನ್ಸಾರಿನ ಕತ್ತರಿಗೆ ಸಿಗದೆ ಪಾರಾದದ್ದು ಒಂದು ಸಣ್ಣ ಚಾಲಾಕಿಯಿಂದ. ಹಾಡಿನಲ್ಲಿ ಹೆಸರು ಬರುವುದು ಜರ್ಮನರದು, ಜಪಾನಿಯರದು. ಸಾಹೇಬರು ತಮ್ಮ ವೈರಿಗಳಿಗೆ ಬೈಯುತ್ತಿದ್ದಾರೆಂದು ತಿಳಿದು ಠಸ್ಸೆ ಒತ್ತಿದರು. ಥೇಟರಿನಲ್ಲಿ ಕೂತ ಜನಕ್ಕೆ ಯಾರಿಗೆ ಹೇಳಿದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಡನ್ನು ಮತ್ತೆ ಮತ್ತೆ ಹಾಕಿಸಿ ನೋಡುತ್ತಿದ್ದರಂತೆ.

ಅಪ್ಪನೂ ಮತ್ತೆ ಮತ್ತೆ ಹಾಕಿಸಿದರು. ರಿಮೋಟ್ ಅವ್ವನ ಕೈಯಲ್ಲಿತ್ತು. ವಾಲ್ಯೂಮು ಬನಹಟ್ಟಿಯಲ್ಲಿತ್ತು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ.

ಬಾಗಿಲು ಬಡಿದದ್ದು ಪಕ್ಕದ ಮನೆಯ ಹಿರಿಯರು, ಎಂಬತ್ತು ದಾಟಿದ ಇಂಗ್ಲಿಷ್ ಅಜ್ಜ. ಅವರು ಮೂರು ಸಲ 'ಸಾರಿ' ಅಂದು, ಹವೆಯ ಬಗ್ಗೆ ಎರಡು ಮಾತಾಡಿ, ಆಮೇಲೆ ಸಂಗೀತ ತುಸು ಜೋರಾಗಿದೆಯೇನೋ ಎಂಬ ಅನುಮಾನ ವ್ಯಕ್ತಪಡಿಸಿದರು. ಅಪ್ಪ ಒಳಗಿನಿಂದ ಎದ್ದು ಬಂದು ನನ್ನ ಕಿವಿಯಲ್ಲಿ ಉಸುರಿದರು: "ಈಗ ಹತ್ತಿತೇನು ಇವರಿಗೆ ಹಾಡಿನ ಅರ್ಥ? ಎಂಬತ್ತು ವರ್ಷ ಹಿಡೀತು." ಅಷ್ಟರಲ್ಲಿ ಅವ್ವ ಅತಿಥಿಯನ್ನು ಹೊಸ್ತಿಲ ಮೇಲೆ ನಿಲ್ಲಿಸುವುದು ಕೆಟ್ಟದೆಂದು ಒಳಗೆ ಕರೆದು, ಸೋಫಾದ ಮೇಲೆ ಕೂಡ್ರಿಸಿ, ಕೈಗೆ ಚೂಡಾ ಬಟ್ಟಲು ಕೊಟ್ಟಾಗಿತ್ತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಬೇಕಾಗಿಯೂ ಇಲ್ಲ. "ಕೂಡ್ರಿ" ಎಂಬುದನ್ನು ಬನಹಟ್ಟಿಯ ದನಿಯಲ್ಲಿ ಹೇಳಿದರೆ ಯಾವ ದೇಶದವರೂ ಕೂಡುತ್ತಾರೆ.

ಅಜ್ಜ ಚೂಡಾ ಬಾಯಿಗೆ ಹಾಕಿಕೊಂಡು, ಕೆಮ್ಮಿ, ತೆರೆಯ ಕಡೆ ನೋಡಿ, ಹಾಡು ಏನು ಹೇಳುತ್ತಿದೆ ಎಂದು ಕೇಳಿದರು.

ಇಲ್ಲಿ ನನ್ನ ತರಬೇತಿಯ ವಿಷಯ ಹೇಳಬೇಕು. 1987ರಲ್ಲಿ ರಮಾನಂದ ಸಾಗರರ ರಾಮಾಯಣ ರವಿವಾರ ಮುಂಜಾನೆ ಬರುತ್ತಿದ್ದಾಗ ನಮ್ಮ ಮನೆಯ ಪಡಸಾಲೆ ಓಣಿಯವರಿಂದ ತುಂಬಿರುತ್ತಿತ್ತು. ಹಿಂದಿ ತಿಳಿಯುತ್ತಿದ್ದವರು ಅಪ್ಪ ಒಬ್ಬರೇ. ರಾಮ ಒಂದು ವಾಕ್ಯ ಹೇಳಿದರೆ ಅಪ್ಪ ಐದು ವಾಕ್ಯ ಹೇಳುತ್ತಿದ್ದರು. ರಾಮ ಹೇಳದೇ ಬಿಟ್ಟದ್ದನ್ನೂ ಹೇಳುತ್ತಿದ್ದರು. ಓಣಿಯ ಸಾಲಗಾರರ ಎದುರು ದಶರಥನ ಬಾಯಿಂದ ಕೊಟ್ಟ ಮಾತು ಉಳಿಸಿಕೊಳ್ಳುವ ಬಗ್ಗೆ ಅರ್ಧ ತಾಸು ಮಾತಾಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರ ಮಗ ನಾನು. ಅಜ್ಜನಿಗೆ ವಿನಯದಿಂದ ಹೇಳಿದೆ: ಇದು ಯುದ್ಧಕಾಲದ ಹಾಡು, ಜರ್ಮನರಿಗೂ ಜಪಾನಿಯರಿಗೂ ದೂರ ಹೋಗಿರೆಂದು ತಾಕೀತು ಮಾಡುತ್ತಿದೆ.

ಒಂದಕ್ಷರವೂ ಸುಳ್ಳಲ್ಲ. 1943ರಲ್ಲಿ ಸೆನ್ಸಾರಿನವರಿಗೆ ಮುಟ್ಟಿದ ಅರ್ಥವೂ ಇಷ್ಟೇ. ಅಜ್ಜನ ಕಣ್ಣು ಹೊಳೆದವು. ಬಹಳ ಸರಿ ಎಂದರು. ದನಿ ಬೇಕಾದರೆ ಹಾಗೇ ಇರಲಿ ಎಂದರು. ಅಪ್ಪ ಈ ತುದಿಯಿಂದ, ಅಜ್ಜ ಆ ತುದಿಯಿಂದ ತಲೆಯಾಡಿಸುತ್ತ ಒಂದೇ ಹಾಡನ್ನು ಕೇಳಿದರು. ಬೀಳಗಿಯ ಅಮೀರ್‌ಬಾಯಿ ಇಂಗ್ಲೆಂಡಿನವರನ್ನು ಎರಡನೇ ಸಲ ದಾಟಿಹೋದಳು. ಅವ್ವ ಮಾತ್ರ ನಾಯಕಿ ಮುಮ್ತಾಜ್ ಶಾಂತಿಯ ಸೀರೆಯದು ಯಾವ ಊರಿನ ನೇಯ್ಗೆ ಎಂದು ತಲೆ ಕೆಡಿಸಿಕೊಂಡಿದ್ದಳು.

ಮರುವಾರ ಅಜ್ಜ ಬಿಸ್ಕೀಟಿನ ಡಬ್ಬಿ ಹಿಡಿದು ತಾವೇ ಬಂದರು, ತಮ್ಮ ಕಾಲದ ಕಾರ್ಯಕ್ರಮ ತೋರಿಸಲು. ಡ್ಯಾಡ್ಸ್ ಆರ್ಮಿ, 1968ರಿಂದ 1977ರವರೆಗೆ ಬಿಬಿಸಿ ತೆಗೆದದ್ದು. ಜರ್ಮನರು ಸಮುದ್ರ ದಾಟಿ ಬಂದರೆ ತಡೆಯಲು ಊರಿನ ಮುದುಕರು, ಕಟುಕರು, ಬ್ಯಾಂಕಿನವರು ಕೂಡಿ ಕಟ್ಟಿದ ಪಡೆಯ ಕಥೆ. ಬ್ಯಾಂಕ್ ಮ್ಯಾನೇಜರನೇ ಕ್ಯಾಪ್ಟನ್ನು. ಅಪ್ಪ ಎರಡು ನಿಮಿಷ ನೋಡಿ ಚಪ್ಪಾಳೆ ತಟ್ಟಿದರು. "ಹಿಂತಾ ಮ್ಯಾನೇಜರ ನಮ್ಮ ಊರಾಗೂ ಇದ್ದ! ಸಾಲ ಕೊಡಾಂಗಿಲ್ಲ, ಧ್ವಜ ಹಾರಸಾಕ ಮಾತ್ರ ಮುಂದ." ಐಪ್ಲೇಯರಿನಲ್ಲಿ ನೋಡುತ್ತಿದ್ದೆವಾದ್ದರಿಂದ ನನ್ನ 174.50 ಪೌಂಡಿಗೆ ಅವತ್ತು ಮೊದಲ ಸಲ ಸಾರ್ಥಕವಾಯಿತು.

ಈಗ ಅಜ್ಜನ ಋಣ ತೀರಿಸಬೇಕಲ್ಲ. ಮಹಾಭಾರತ ತೋರಿಸುವುದೆಂದು ಅಪ್ಪ ಘೋಷಿಸಿದ್ದಾರೆ. ಚೋಪ್ರಾ ಮಹಾಭಾರತ 94 ಕಂತು, ಅಪ್ಪ-ಅವ್ವನ ವೀಸಾ ಆರೇ ತಿಂಗಳು, ರವಿವಾರಕ್ಕೊಂದರಂತೆ ನೋಡಿದರೆ ಪಾಂಡವರು ವನವಾಸಕ್ಕೆ ಹೊರಡುವ ಮೊದಲೇ ಇವರು ವಿಮಾನ ಹತ್ತಬೇಕಾಗುತ್ತದೆ. ಹಾಗಾಗಿ ದಿನಕ್ಕೆರಡು. ಅವ್ವನಿಗೆ ನಿತೀಶ್ ಭಾರದ್ವಾಜ್‌ನ ಕೃಷ್ಣನ ಮೇಲೆ ಮೊದಲಿನಿಂದಲೂ ಅಸಮಾಧಾನ: "ಪಾರಿಜಾತದ ಕೃಷ್ಣ ರಾತ್ರಿ ಬೆಳತನ ಹಾಡ್ತಿದ್ದ. ಇಂವ ಬರೇ ನಗ್ತಾನ." ಶ್ರೀಕೃಷ್ಣ ಪಾರಿಜಾತ ಬಯಲಾಟದ ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಡುತ್ತಾಳೆ, ಆಮೇಲೆ ಯಾವ ಟಿವಿಯೂ ಬೇಡ.

ಮೊದಲ ಕಂತಿನ ದಿನ ಅಜ್ಜ ಒಂದೇ ಪ್ರಶ್ನೆ ಕೇಳಿದರು: ಇವರೊಳಗೆ ನಮ್ಮ ಕ್ಯಾಪ್ಟನ್ ಮ್ಯಾನೇಜರ್ ಯಾರು? ಅಪ್ಪ ತಡಮಾಡದೆ "ದುರ್ಯೋಧನ" ಎಂದರು. ಮುಧೋಳ ಅಡಿಗೆಮನೆಯಿಂದ ಲಟ್ಟಣಿಗೆ ಹಿಡಿದೇ ಹೊರಗೆ ಬಂತು. "ಮಾವಾರ, ನಮ್ಮ ರನ್ನನ ದುರ್ಯೋಧನಗ ಹಂಗ ಅನಬ್ಯಾಡ್ರಿ. ಅಂವ ಛಲದಂಕಮಲ್ಲ. ಸಾಯೂಮುಂದ ಸೈತ ತಲಿ ಬಗ್ಗಿಸಲಿಲ್ಲ." ಅಪ್ಪ ಟಿವಿ ನಿಲ್ಲಿಸಿದರು. ಶಂತನು ಇನ್ನೂ ಗಂಗೆಯ ದಡಕ್ಕೂ ಬಂದಿರಲಿಲ್ಲ. ಅಜ್ಜ ಚೂಡಾ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತ, ಇದರದೂ ಅರ್ಥ ಹೇಳೆಂದು ನನ್ನ ತೋಳು ಜಗ್ಗುತ್ತಿದ್ದರು.