ಶೂ ಗಾಳಿಯಲ್ಲಿದೆ ಸಾರ್

ಚಿತ್ರಕಥೆ ಬರೆಯಲು ಹೊರಟವರಿಗೆಲ್ಲ ಯಾರಾದರೂ ಒಬ್ಬರು ಸಿಡ್ ಫೀಲ್ಡ್ ಪುಸ್ತಕ ಓದಲು ಹೇಳಿಯೇ ಹೇಳುತ್ತಾರೆ. 1979ರ ಆ ಅಮೆರಿಕನ್ ಪುಸ್ತಕದ ಪ್ರಕಾರ ಒಂದು ಪುಟವೆಂದರೆ ತೆರೆಯ ಮೇಲೆ ಒಂದು ನಿಮಿಷ, ಕಥೆಗೆ ಮೂರು ಅಂಕ, ಮೊದಲ ಅಂಕ ಮುಗಿಯುವ ಹೊತ್ತಿಗೆ ಕಥೆ ಒಮ್ಮೆ ಹೊರಳಬೇಕು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದರ ಹಿಂದೆ ಒಂದು ಮುಗ್ಧ ನಂಬಿಕೆಯಿದೆ: ಬರೆದ ಪುಟವನ್ನು ಯಾರೋ ಓದುತ್ತಾರೆ ಎಂಬುದು. ಗಾಂಧಿನಗರದಲ್ಲಿ ಕಥೆಯನ್ನು ಓದುವುದಿಲ್ಲ, ಕೇಳುತ್ತಾರೆ. ಆದ್ದರಿಂದ ಕನ್ನಡದಲ್ಲಿ ಚಿತ್ರಕಥೆಗಾರನಾಗಬೇಕೆಂದಿರುವವನು ಮೊದಲು ಗಂಟಲು ಸಾಧಿಸಿಕೊಳ್ಳಲಿ, ಲೇಖನಿ ಆಮೇಲೆ ನೋಡಿಕೊಳ್ಳೋಣ ಎಂಬುದು ನನ್ನ ವಾದ. ಅಕ್ಷರವನ್ನೇ ನೆಚ್ಚಿಕೊಂಡ ನನ್ನಂಥವನ ಬಾಯಲ್ಲಿ ಬರಬಾರದ ಮಾತಿದು. ಬಂದುಬಿಟ್ಟಿತಲ್ಲ ಎಂದು ನಾಚಿಕೆಯಾಗುತ್ತಿದೆ, ಒಳಗೊಳಗೇ ಖುಷಿಯೂ ಆಗುತ್ತಿದೆ.

ನರೇಷನ್ ಎಂಬ ವಿಧಿಯನ್ನೇ ನೋಡಿ. ಎದುರಿಗೆ ಸೋಫಾದಲ್ಲಿ ಹೀರೋ, ಪಕ್ಕದಲ್ಲಿ ಅವರ ಭಾವಮೈದುನ, ಬಾಗಿಲ ಬಳಿ ಯಾವ ಸಂಬಂಧವೂ ಗೊತ್ತಾಗದ ಇನ್ನಿಬ್ಬರು. ಕಥೆ ಹೇಳುವವನು ಒಬ್ಬನೇ ಎಲ್ಲ ಪಾತ್ರವೂ ಆಗಬೇಕು, ಮಳೆಯೂ ಆಗಬೇಕು, ಬಾಯಲ್ಲೇ ರೀರೆಕಾರ್ಡಿಂಗ್ ಕೊಡಬೇಕು. ಎಂಟ್ರಿ ಸೀನ್ ಬಂತು. ಧೂಳು. ಜೀಪಿನ ಬಾಗಿಲು. ಒಂದು ಶೂ ಕೆಳಗಿಳಿಯುತ್ತಿದೆ, ಸ್ಲೋಮೋಷನ್. ಇವನು ಅಂಗೈಯನ್ನೇ ಶೂ ಮಾಡಿಕೊಂಡು ನಿಧಾನವಾಗಿ ಇಳಿಸುತ್ತಾ "ಢಂ... ಢಢಂ..." ಅನ್ನುತ್ತಿದ್ದಾನೆ. ಆ ಗಳಿಗೆಗೇ ಕಾಫಿ ಬರುತ್ತದೆ. ಈಗ ಶೂ ಏನು ಮಾಡಬೇಕು? ನೆಲಕ್ಕೆ ತಾಗಿಸಿಬಿಟ್ಟರೆ ಯಾರೂ ನೋಡದೆ ಎಂಟ್ರಿ ವ್ಯರ್ಥ. ಮೇಲಕ್ಕೆತ್ತಿಕೊಂಡರೆ ಹೀರೋ ಹಿಂದೆ ಸರಿದಂತಾಗಿ ಕ್ಯಾರೆಕ್ಟರೇ ಕೆಟ್ಟಿತು. ಹಾಗಾಗಿ ಶೂ ಗಾಳಿಯಲ್ಲಿ ನಿಲ್ಲುತ್ತದೆ. ಸಕ್ಕರೆ ಇಲ್ಲದ್ದು ಯಾರಿಗೆ ಎಂಬ ವಿಚಾರಣೆ ಮುಗಿಯುವವರೆಗೆ ನಿಲ್ಲುತ್ತದೆ. ಭಾವಮೈದುನನಿಗೆ ಸೈಟಿನ ವಿಷಯವಾಗಿ ಫೋನ್ ಬಂದಾಗಲೂ ನಿಂತಿರುತ್ತದೆ. ಇವನ ಪಾಲಿನ ಕಾಫಿಯನ್ನು ಎಡಗೈಗೆ ಕೊಡುತ್ತಾರೆ, ಬಲಗೈ ಡ್ಯೂಟಿಯಲ್ಲಿದೆಯಲ್ಲ. ಕಡೆಗೆ ಹೀರೋ "ಹೇಳಿ ಹೇಳಿ, ಜೀಪ್ ಬಂತು" ಅನ್ನುತ್ತಾರೆ. ಅಂದರೆ ಶೂ ಅವರ ಗಮನಕ್ಕೇ ಬಂದಿಲ್ಲ! ಮರಗಟ್ಟಿದ ಕೈಯನ್ನು ಮಡಿಲಿಗೆಳೆದುಕೊಂಡು, ಅದೇ ಧೂಳನ್ನು ಅದೇ ಉತ್ಸಾಹದಿಂದ ಮತ್ತೆ ಎಬ್ಬಿಸಬಲ್ಲವನೇ ಚಿತ್ರಕಥೆಗಾರ. ಈ ವಿದ್ಯೆಗೆ ಸಿಡ್ ಫೀಲ್ಡರಲ್ಲಿ ಅಧ್ಯಾಯವಿಲ್ಲ.

ಇದೇನು ಕಸುಬೇ, ಕಸರತ್ತಲ್ಲವೇ ಎಂದು ಮೂಗು ಮುರಿಯುವವರಿದ್ದಾರೆ. ಅವರು ವಂಶಾವಳಿ ನೋಡಬೇಕು. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಾಟಕ ಬರೆದು ಪಳಗಿದವರು. ಹುಣಸೂರು ಕೃಷ್ಣಮೂರ್ತಿಯವರು ಬಂದದ್ದೂ ರಂಗಭೂಮಿಯಿಂದಲೇ. ಮಾತು ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಮೊದಲು, ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂಬುದು ಆಮೇಲೆ ಎನ್ನುವುದು ಆ ಶಾಲೆಯ ಪಾಠ. ಮೂರು ಅಂಕದ ಮಾತಿಗೂ ಇದೇ ಉತ್ತರ. ನಮ್ಮಲ್ಲಿ ಅಂಕ ಎರಡೇ, ನಡುವೆ ಇಂಟರ್ವೆಲ್. ಪಾಪ್‌ಕಾರ್ನ್ ಕೊಳ್ಳಲು ಹೋದವನು ವಾಪಸು ಬರುವಂತೆ ಮಾಡುವುದೇ ರಚನಾಶಾಸ್ತ್ರದ ಸಾರ. ಹಾಗಾದರೆ 1970ರ ‘ಸಂಸ್ಕಾರ’ಕ್ಕೆ ಗಿರೀಶ ಕಾರ್ನಾಡರು ಬರೆದದ್ದು ಬರವಣಿಗೆಯಲ್ಲವೇ ಎಂದು ಕೇಳಬಹುದು. ಗಟ್ಟಿ ಆಕ್ಷೇಪಣೆ, ಒಪ್ಪಿದೆ. ಆದರೆ ಅಲ್ಲಿ ಅನಂತಮೂರ್ತಿಯವರ ಕಾದಂಬರಿ ಮೊದಲೇ ಅಚ್ಚಾಗಿತ್ತು. ಪುಟ್ಟಣ್ಣನವರ ‘ನಾಗರಹಾವು’ ಚಿತ್ರಕ್ಕೆ ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳಿದ್ದವು. ಕೈಯಲ್ಲಿ ಪುಸ್ತಕ ಹಿಡಿದು ಬಂದವನಿಗೆ ಅಂಗೈಯನ್ನು ಶೂ ಮಾಡುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಇನ್ನು ಹೆಸರು, ದುಡ್ಡಿನ ವಿಚಾರ. ಸಲೀಂ-ಜಾವೇದ್ ಇಲ್ಲವೇ ಅನ್ನುತ್ತಾರೆ. ಇದ್ದಾರೆ, 1976ರ ನಮ್ಮ ‘ಪ್ರೇಮದ ಕಾಣಿಕೆ’ಗೆ ಕಥೆ ಅವರದೇ. ಆದರೆ ಅವರೂ ‘ಜಂಜೀರ್’ ಪೋಸ್ಟರುಗಳ ಮೇಲೆ ತಮ್ಮ ಹೆಸರನ್ನು ತಾವೇ ಬಳಿಸಬೇಕಾಯಿತು. ಚಿ. ಉದಯಶಂಕರ್ ಅವರ ಹಾಡು ಗುನುಗುವವರನ್ನು ನಿಲ್ಲಿಸಿ, ಅವರು ಸಂಭಾಷಣೆ ಬರೆದ ಐದು ಚಿತ್ರ ಹೇಳಿ ಎಂದರೆ ಮೂರನೆಯದಕ್ಕೇ ತಡವರಿಸುತ್ತಾರೆ. 2023ರಲ್ಲಿ ಹಾಲಿವುಡ್ಡಿನ ಬರಹಗಾರರು 148 ದಿನ ಮುಷ್ಕರ ಹೂಡಿ ಅಲ್ಲಿನ ಉದ್ಯಮವನ್ನು ಅಲುಗಾಡಿಸಿದರು. ನಮ್ಮವರು ಹೂಡಿದರೆ ಮುಷ್ಕರ ನಡೆಯುತ್ತಿದೆಯೆಂದು ಗೊತ್ತಾಗುವುದಾದರೂ ಹೇಗೆ? ಇವನು ಬರೆಯುವುದನ್ನು ನಿಲ್ಲಿಸಿದ್ದಾನೋ, ಅಡ್ವಾನ್ಸ್ ಬರಲಿ ಎಂದು ಕಾಯುತ್ತಿದ್ದಾನೋ, ಮನೆಯವರಿಗೂ ವ್ಯತ್ಯಾಸ ತಿಳಿಯದು. ತಮಾಷೆಗೆ ಶುರುಮಾಡಿದ ಮಾತು ಇಲ್ಲಿ ಸ್ವಲ್ಪ ಕಹಿಯಾಗುತ್ತದೆ. ‘ಒಳ್ಳೆಯ ಕಥೆಗಳೇ ಇಲ್ಲ’ ಎಂದು ವೇದಿಕೆ ಸಿಕ್ಕಲ್ಲೆಲ್ಲ ಕೊರಗುವವರಲ್ಲಿ ಎಷ್ಟು ಜನ ಕಥೆಗೆಂದು ಬಜೆಟ್ಟಿನಲ್ಲಿ ಒಂದು ಸಾಲು ಬಿಟ್ಟಿರುತ್ತಾರೆ? ಜನರೇಟರಿಗೆ ಬಾಡಿಗೆ ಇದೆ, ಕ್ರೇನಿಗೆ ಬಾಡಿಗೆ ಇದೆ. ಕಥೆಯವನಿಗೆ ‘ಪಿಕ್ಚರ್ ಹಿಟ್ ಆಗಲಿ, ನೋಡ್ಕೊಳ್ಳೋಣ’.

ಇದಕ್ಕೆ ಜಾಣರು ಕಂಡುಕೊಂಡ ದಾರಿ ಒಂದೇ: ತಾನೇ ನಿರ್ದೇಶಕನಾಗುವುದು. ಟೈಟಲ್ ಕಾರ್ಡಿನಲ್ಲಿ ‘ಕಥೆ-ಚಿತ್ರಕಥೆ-ಸಂಭಾಷಣೆ-ನಿರ್ದೇಶನ’ ಎಂದು ಒಂದೇ ಉಸಿರಿನಲ್ಲಿ ಬರುವುದು ಪ್ರತಿಭಾ ಪ್ರದರ್ಶನವೆಂದು ಪ್ರೇಕ್ಷಕರು ತಿಳಿದಿದ್ದಾರೆ. ಬಹುಪಾಲು ಅದು ಕಾಂಪೌಂಡ್ ಗೋಡೆ. ಆದರೆ ನಿರ್ದೇಶಕನಾದ ಮೇಲೆ ಲೊಕೇಶನ್ನು, ಕಾಲ್‌ಶೀಟು, ಫೈನಾನ್ಸು ಎಂದು ಓಡಾಡುವವನಿಗೆ ಬರೆಯಲು ಪುರುಸೊತ್ತೆಲ್ಲಿ? ಅದಕ್ಕೆ ಚೆನ್ನಾಗಿ ಬರೆಯುವ ಇಬ್ಬರು ಹುಡುಗರನ್ನು ಹುಡುಕಿ ಲಾಡ್ಜಿನ ರೂಮಿನಲ್ಲಿ ಕೂರಿಸುತ್ತಾನೆ. ಅವರ ಹೆಸರೂ ತೆರೆಯ ಮೇಲೆ ಬರುತ್ತದೆ, ಕಡೆಯಲ್ಲಿ ಕೃತಜ್ಞತೆ ಸಲ್ಲಿಸುವಾಗ, ಶೂಟಿಂಗಿಗೆ ತೋಟ ಬಿಟ್ಟುಕೊಟ್ಟವರ ಹೆಸರಿನ ಕೆಳಗೆ.